ಗಾಜಿನ ಹಿಂದಿನ ಹಳ್ಳ

ಹಾಲಿನ ಅಂಬುಬಾಯಿ ಬಾಗಿಲಲ್ಲಿ ನಿಂತು, “ಎಷ್ಟು ಹಾಕ್ಲೆವ್ವಾ?” ಎಂದು ಕೇಳಿದಳು. ಗುರುದೇವಿ ಪಾತ್ರೆ ಹಿಡಿದುಕೊಂಡು ನಿಂತಳು. ದಿನಾ ಹಾಕುವಷ್ಟು ಎನ್ನಬೇಕೋ, ಕಡಿಮೆ ಹಾಕು ಎನ್ನಬೇಕೋ ತಿಳಿಯಲಿಲ್ಲ. ಗಂಡನಿಗೆ ಮಣ್ಣು ಕೊಟ್ಟ ಮೇಲೆ ಇಷ್ಟು ದಿನ ಮನೆ ತುಂಬ ನೆಂಟರಿದ್ದರು. ಹಾಲು ಯಾರು ಹಾಕಿಸಿಕೊಂಡರು, ಯಾರು ಕಾಸಿದರು ಎಂಬುದು ಅವಳ ಲಕ್ಷ್ಯಕ್ಕೇ ಬಂದಿರಲಿಲ್ಲ. ಕೊನೆಗೆ ಉಳಿದಿದ್ದ ನಾಲವಾರದ ಸೋದರತ್ತೆಯೂ ನಿನ್ನೆ ಸಂಜೆಯ ರೈಲಿಗೆ ಹೋಗಿದ್ದಳು. ಇವತ್ತು ಎಲ್ಲರ ಮನೆಯಂಥ ಒಂದು ಬೆಳಗು.

“ಮೊದ್ಲಿನಷ್ಟೇ ಹಾಕು,” ಎಂದು ಒಳಗಿನಿಂದ ಅತ್ತೆ ಶಿವಕಾಂತಮ್ಮನ ದನಿ ಬಂತು. “ನಮ್ಮನಿ ಹಾಲು ಯಾಕ ಕಮ್ಮಿ ಆಗ್ಬೇಕು?”

ಅಂಬುಬಾಯಿ ಅಳೆದು ಹಾಕಿ ಹೋದಳು.

ಹೊತ್ತು ಸ್ವಲ್ಪ ಏರಿದ ಮೇಲೆ ಶಿವಕಾಂತಮ್ಮ ಮಗನ ಬಟ್ಟೆಗಳನ್ನೆಲ್ಲ ತಂದು ಹಿತ್ತಲಿನ ಹಾಸುಗಲ್ಲಿನ ಮೇಲೆ ಹಾಕಿದಳು. ಒಗೆದು ಒಣಗಿಸಿ ಮಠಕ್ಕೆ ಕೊಟ್ಟುಬಿಡಬೇಕು ಎಂದಳು. ಶಹಾಬಾದಿನ ಎಲ್ಲ ಮನೆಗಳ ಹಾಗೆ ಈ ಮನೆಯೂ ಕಲ್ಲಿನದೇ: ಗೋಡೆ ಕಲ್ಲು, ಮಾಳಿಗೆ ಕಲ್ಲು, ಒಗೆಯುವುದೂ ಕಲ್ಲಿನ ಮೇಲೆ. ಎರಡು ಹಾಸುಗಲ್ಲುಗಳ ಸಂದಿನಲ್ಲಿ ಹಸಿರು ಬಳೆಯ ಚೂರೊಂದು ಸಿಕ್ಕಿಕೊಂಡಿತ್ತು. ಮಣ್ಣಿಗೆ ಬಂದಿದ್ದ ಗುಂಡಗುರ್ತಿಯ ಕಡೆಯ ನೆಂಟ ಹೆಂಗಸರು ಅವಳ ಮುಂಗೈ ಹಿಡಿದು ಇಲ್ಲಿಯೇ ಬಳೆ ಒಡೆದಿದ್ದರು. ಗುರುದೇವಿ ಅದನ್ನು ಉಗುರಿನಿಂದ ಕಿತ್ತು ಗೋಡೆಯ ಮೇಲಿಟ್ಟಳು. ಒಗೆಯಲು ಕೂತಾಗ ಕೈಗಳು ಸದ್ದೇ ಮಾಡಲಿಲ್ಲ. ಅಷ್ಟನ್ನು ಗಮನಿಸಿದಳು. ಅಳು ಬರಲಿಲ್ಲ. ಕಾಮಾಲೆ ಹಿಡಿದ ಗಂಡ ಅಂಬಾರಾಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ದಿನದಿಂದಲೂ ಅದು ಬಂದಿರಲಿಲ್ಲ. ಯೂನಿವರ್ಸಿಟಿ ಓದಿದವರ ಎದೆ ಕಲ್ಲು ಎಂದು ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು.

ಅವನ ಖಾಕಿ ಪ್ಯಾಂಟಿನ ಕಾಲಿನ ಮಡಿಕೆಯನ್ನು ಬಿಡಿಸಿ ಝಾಡಿಸಿದಳು. ಏನೂ ಉದುರಲಿಲ್ಲ. ಬೆರಳು ಹಾಕಿ ನೋಡಿದಳು. ಒಳಗೆ ಬೂದು ಬಣ್ಣದ ಒಂದು ಪಟ್ಟಿ, ಸುಣ್ಣ ಬಳಿದಂತೆ, ಬಟ್ಟೆಗೆ ಅಂಟಿ ಗಟ್ಟಿಯಾಗಿತ್ತು. ನೀರು ಹಾಕಿದರೂ ಹೋಗಲಿಲ್ಲ. ಕಲ್ಲಿನ ಮೇಲೆ ಬಡಿದಳು. ಹಪ್ಪಳದಂತೆ ತುಂಡಾಗಿ ಎದ್ದು ಬಂತು.

ಗುರುದೇವಿಯ ಕೈ ಅಲ್ಲೇ ನಿಂತಿತು. ಉಸುಕಾಗಿದ್ದರೆ ಉದುರುತ್ತಿತ್ತು.

ಅಂಬಾರಾಯ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದ. ಸೇಡಮ್ಮಿನ ಕಡೆ ಕಾಗಿಣಾ ನದಿಗೆ ಅಡ್ಡಲಾಗಿ ಒಂದು ಬಂದಾರ, ಅಂದರೆ ಸಣ್ಣ ಒಡ್ಡು, ಕಟ್ಟಿ, ಪಕ್ಕದಿಂದ ಕಾಲುವೆ ತೆಗೆಯುವ ವಿಚಾರ ನಡೆದಿತ್ತು. ನೀರಿನ ಜೊತೆ ಹೊಳೆಯ ಉಸುಕೂ ಕಾಲುವೆಗೆ ನುಗ್ಗಿದರೆ ಅದು ಹೂತುಹೋಗುತ್ತದೆ. ಹಾಗಾಗಿ ಕಾಲುವೆಯ ಬಾಯಿಗೆ ಎಷ್ಟು ಎತ್ತರದ ಹೊಸ್ತಿಲು ಬೇಕೆಂದು ಮೊದಲೇ ತಿಳಿಯಬೇಕಿತ್ತು. ಅದಕ್ಕಾಗಿ ಅವನು ಊರಾಚೆಯ ಒಂದು ಶೆಡ್ಡಿನಲ್ಲಿ ಫ್ಲೂಮ್ ಕಟ್ಟಿಸಿದ್ದ. ಹಾಸುಗಲ್ಲುಗಳನ್ನು ಜೋಡಿಸಿ ಮಾಡಿದ ಉದ್ದನೆಯ, ಇಕ್ಕಟ್ಟಾದ ಕಾಲುವೆ ಅದು. ಈ ತುದಿಯ ಟಾಕಿಯಿಂದ ನೀರು ಇಳಿದು ಆ ತುದಿಯ ಗುಂಡಿಗೆ ಬೀಳುತ್ತಿತ್ತು. ಪಂಪು ಅದನ್ನು ಮತ್ತೆ ಮೇಲಕ್ಕೆತ್ತುತ್ತಿತ್ತು. ತಳದಲ್ಲಿ ಉಸುಕಿನಂಥ ಪುಡಿಯ ಹಾಸು. ನಡುವೆ ಒಂದು ಕಡೆ ಕಲ್ಲಿನ ಬದಲು ಗಾಜು ಕೂರಿಸಿದ್ದರಿಂದ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತರೆ ಹರಿಯುವ ನೀರನ್ನು ಅಡ್ಡ ಕೊಯ್ದು ನೋಡಿದಂತೆ ಕಾಣುತ್ತಿತ್ತು. ವಾಚಮನ್ ಪೀರಪ್ಪ ಅದಕ್ಕೆ ಸಾಹೇಬರ ಹಳ್ಳ ಎಂದು ಹೆಸರಿಟ್ಟಿದ್ದ.

ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದಿದ್ದ ಗುರುದೇವಿ, ಮಧ್ಯಾಹ್ನದ ಬುತ್ತಿ ಒಯ್ದವಳು ಸಂಜೆವರೆಗೂ ಆ ಗಾಜಿನ ಮುಂದೆಯೇ ಕೂತುಬಿಡುತ್ತಿದ್ದಳು. ಅವನು ನೀರು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವನು. ಮೊದಲ ಕಣ ಯಾವಾಗ ಕದಲಿತು ಎಂದು ಇಬ್ಬರೂ ಉಸಿರು ಬಿಗಿಹಿಡಿದು ನೋಡುವರು. ಫ್ಲೂಮಿನಲ್ಲಿ ನದಿಯನ್ನು ಇಪ್ಪತ್ತು ಪಟ್ಟು ಸಣ್ಣದು ಮಾಡಿದ್ದರಿಂದ ಉಸುಕನ್ನೂ ಸಣ್ಣದು ಮಾಡಬೇಕಿತ್ತು. ಅಷ್ಟು ನುಣ್ಣಗಿನ ಪುಡಿ ಎಲ್ಲಿ ಸಿಗಬೇಕು? ಶಹಾಬಾದಿನಲ್ಲಿ ಅದಕ್ಕೆ ಬರವಿಲ್ಲ. ಕಲ್ಲು ಪಾಲಿಶ್ ಮಾಡುವ ಕಾರಖಾನೆಗಳ ಹಿಂದೆ ಗುಡ್ಡೆಗುಡ್ಡೆ ಬಿದ್ದಿರುತ್ತದೆ. ಊರಲ್ಲಿ ಎಲ್ಲದಕ್ಕೂ ಕಲ್ಲೇ ಆಗಿರುವಾಗ ಇದಕ್ಕೂ ಕಲ್ಲೇ ಆಯಿತು. ಆ ಪುಡಿ ಸಾಮಾನ್ಯ ನೀರಿಗೆ ಅಲುಗಾಡಲೇ ಇಲ್ಲ. ನೀರು ತೀರ ಜೋರಾದಾಗ ಚಪ್ಪಡಿ ಚಪ್ಪಡಿಯಾಗಿ ಎದ್ದು ಹೋಯಿತು. ಪ್ರವಾಹದಲ್ಲಷ್ಟೇ ಉಸುಕು ಬರುತ್ತದೆ, ಆಗ ಬಾಗಿಲು ಹಾಕಿದರಾಯಿತು, ಹೊಸ್ತಿಲು ತಗ್ಗಿದ್ದರೂ ನಡೆಯುತ್ತದೆ ಎಂದು ಅಂಬಾರಾಯ ವರದಿ ಬರೆದ. ಅದು ಮೇಲಿನ ಕಚೇರಿಗೆ ಹೋದ ಮೇಲೆ ಅವನು ಹಾಸಿಗೆ ಹಿಡಿದ.

ಗುರುದೇವಿ ಒದ್ದೆ ಕೈಯಲ್ಲೇ ಅಡುಗೆಮನೆಗೆ ಬಂದಳು. ಒಂದು ತಟ್ಟೆಗೆ ಪ್ಯಾಂಟಿನಿಂದ ಉದುರಿದ ಪುಡಿ ಹಾಕಿದಳು. ಇನ್ನೊಂದಕ್ಕೆ ಕುಡಿಯುವ ನೀರಿನ ಹರವಿಯ ಕೆಳಗಿದ್ದ ಹೊಳೆಯ ಉಸುಕು. ಎರಡಕ್ಕೂ ನೀರು ಹಾಕಿ, ತಿಳಿಯಾಗಲು ಬಿಟ್ಟು, ಮೆಲ್ಲಗೆ ಓರೆ ಮಾಡಿದಳು. ಉಸುಕು ನೀರಿನ ಜೊತೆ ಜಾರಿ ಅಂಚಿಗೆ ಬಂತು. ಪುಡಿ ನಾದಿಟ್ಟ ಹಿಟ್ಟಿನಂತೆ ಕೂತಲ್ಲೇ ಕೂತಿತ್ತು.

“ಏನ್ ಆಟ ಹಚ್ಚಿ ಅದು?” ಎಂದಳು ಶಿವಕಾಂತಮ್ಮ, ಹೊಸ್ತಿಲಲ್ಲಿ ನಿಂತು.

“ಅವರು ನೋಡಿದ್ದು ಉಸುಕಲ್ಲರಿ ಅತ್ತಿ. ಅದು ಒಂದಕ್ಕೊಂದು ಅಂಟೂ ಕೆಸರು. ನಾನೂ ಬಾಜೂಕೇ ಕುಂತು ನೋಡೀನಿ, ನಂಗೂ ಹೊಳೀಲಿಲ್ಲ.”

ಅತ್ತೆಗೆ ಏನೂ ತಿಳಿಯಲಿಲ್ಲ. ಆದರೆ ಮಣ್ಣಾದ ಮೇಲೆ ಸೊಸೆ ಇಷ್ಟು ಉದ್ದದ ಮಾತಾಡಿದ್ದು ಇದೇ ಮೊದಲು. ಆದ್ದರಿಂದ ಬೈಯಲಿಲ್ಲ.

ಮರುದಿನ ಗುರುದೇವಿ ಶೆಡ್ಡಿಗೆ ಹೋದಳು. ರಾಜ್ಯದ ಹೆಸರು ಕರ್ನಾಟಕವಾಗಿದ್ದರೂ ಬಾಗಿಲ ಮೇಲಿನ ಹಲಗೆಯಲ್ಲಿ ಇನ್ನೂ ಮೈಸೂರು ಸರಕಾರ ಎಂದೇ ಇತ್ತು. ನೀರು ಬತ್ತಿದ ಫ್ಲೂಮಿನ ತಳ ಬೇಸಗೆಯ ಕೆರೆಯಂತೆ ಬಿರುಕು ಬಿಟ್ಟಿತ್ತು. ಅದನ್ನು ಕಂಡ ಮೇಲೆ ಅವಳಿಗೆ ಅನುಮಾನ ಉಳಿಯಲಿಲ್ಲ: ಅಂಟಿದ ಕೆಸರು ಏಳಲಿಲ್ಲವೆಂದರೆ ಹೊಳೆಯ ಉಸುಕೂ ಏಳದು ಎಂದಲ್ಲ.

ಅಂಬಾರಾಯನ ಮೇಲಧಿಕಾರಿ ನರಸಪ್ಪ ಅಲ್ಲಿಯೇ ಇದ್ದರು. ಒಳ್ಳೆಯ ಮನುಷ್ಯ. ಶೆಡ್ಡು ಖಾಲಿ ಮಾಡಿಸಲು ಬಂದಿದ್ದರು. ಅವಳು ಹೇಳಿದ್ದನ್ನೆಲ್ಲ ಕನ್ನಡಕ ತೆಗೆದು ಒರೆಸುತ್ತ ಕೇಳಿದರು.

“ತಂಗಿ, ನೀ ಹೇಳೋದು ಖರೇ ಇರಬಹುದು,” ಎಂದರು. “ಆದ್ರ ವರದಿ ಮ್ಯಾಗ ಹೋಗ್ಯದ. ಭಾಳ ಛಲೋ ಬರದಾನ ಅಂತ ಎಲ್ಲಾರೂ ಅನ್ನಾಕತ್ತಾರ. ಅವನ ಹೆಸರಿನ ಮ್ಯಾಗಿರೋ ಕೊನಿ ಕೆಲಸ ಅದು. ನೀನೇ ಅದ್ರ ಮ್ಯಾಗ ಯಾಕ ಕಲಿ ಹಚ್ತಿ?”

“ಕಾಲುವಿ ಹೂತುಹೋದ್ರ ಅದು ಕಲಿ ಅಲ್ಲೇನ್ರಿ?”

ನರಸಪ್ಪ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ಒಂದು ಸಲ ನೀರು ಓಡಿಸಿ ನೋಡ್ತೀನ್ರಿ. ತಪ್ಪು ಅನ್ನೋದು ನಂದೇ ಇದ್ರ ಬಾಯಿ ಮುಚ್ಚಗೊಂಡು ಹೋಗ್ತೀನಿ.”

“ಉಸುಕು ಎಲ್ಲಿಂದ ತರ್ತಿ? ಹೊಳಿ ಉಸುಕು ಇಷ್ಟು ಸಣ್ಣ ನೀರಿಗೆ ಏಳಂಗಿಲ್ಲ.”

ಅದನ್ನು ಅವಳು ರಾತ್ರಿಯೆಲ್ಲ ಯೋಚಿಸಿದ್ದಳು. ಕಣ ಸಣ್ಣದಾಗಬೇಕಿಲ್ಲ. ಹಗುರಾದರೆ ಸಾಕು. ನೀರೊಳಗೆ ಕಲ್ಲಿನ ಕಣಕ್ಕಿಂತ ನಾಲ್ಕೈದು ಪಟ್ಟು ಹಗುರಾದದ್ದು, ಆದರೆ ಒಂದಕ್ಕೊಂದು ಅಂಟದ್ದು ಬೇಕು. “ಕಲ್ಲಿದ್ದಲರಿ,” ಎಂದಳು. “ವಾಡಿಯಾಗ ಸಿಗ್ತದ.”

ಬಾಗಿಲ ಬಳಿ ಕೂತಿದ್ದ ಪೀರಪ್ಪ ತಡೆಯಲಾರದೆ ನಕ್ಕ. “ಹಳ್ಳದಾಗ ರೈಲು ಬಿಡ್ತೀರೇನ್ರಿ ಅಕ್ಕೋರ?”

ನರಸಪ್ಪನವರೂ ನಕ್ಕರು. ನಕ್ಕ ಮೇಲೆ ಇಲ್ಲ ಎನ್ನುವುದು ಅವರಿಗೆ ಕಷ್ಟವಾಯಿತು. ರಮಜಾನ್ ಹಬ್ಬದ ರಜೆಯ ತನಕ ಶೆಡ್ಡು ಇರಲಿ ಎಂದು ಒಪ್ಪಿದರು.

ಮನೆಗೆ ಬಂದರೆ ಕಟ್ಟೆಯ ಮೇಲೆ ತಾಜುನ್ನಿಸಾ ಕೂತಿದ್ದಳು. ಬಜಾರಿನಲ್ಲಿ ಬಳೆಯಂಗಡಿ ಇಟ್ಟವಳು, ವಯಸ್ಸಾದವಳು. ಅವಳು ಯಾಕೆ ಬಂದಿದ್ದಾಳೆಂದು ಗುರುದೇವಿಗೆ ನೋಡಿದ ಕೂಡಲೇ ಗೊತ್ತಾಯಿತು. ಫ್ಲೂಮಿನ ಗಾಜು ಅವಳ ಅಂಗಡಿಯದು. ಗಾಜಿಗೆಂದು ಕಚೇರಿಗೆ ಬರೆದು ಬರೆದು ಬೇಸತ್ತಿದ್ದ ಅಂಬಾರಾಯ, ಒಮ್ಮೆ ಹೆಂಡತಿಯನ್ನು ಬಳೆ ಇಡಿಸಲು ಕರೆದುಕೊಂಡು ಹೋದವನು ಬಳೆ ನೋಡದೆ ಅಂಗಡಿಯ ಮುಂದಿನ ಗಾಜನ್ನೇ ನೋಡುತ್ತ ನಿಂತಿದ್ದ. ತಾಜುನ್ನಿಸಾಳ ಮಾವ ನಿಜಾಮನ ಕಾಲದಲ್ಲಿ ಹೈದರಾಬಾದಿನಿಂದ ತರಿಸಿದ್ದ, ಹೆಬ್ಬೆರಳು ದಪ್ಪದ, ಒಂದೇ ಒಂದು ಗುಳ್ಳೆಯಿಲ್ಲದ ಗಾಜು. ‘ಬಳಿ ಬಿಟ್ಟು ದುಕಾನದ ಮುಖಾನೇ ಕೇಳಾಕತ್ತಾನಲ್ಲವ್ವ ನಿನ್ ಗಂಡ’ ಎಂದು ಅವತ್ತು ಅವಳು ಬಿದ್ದುಬಿದ್ದು ನಕ್ಕಿದ್ದಳು. ಹಬ್ಬದೊಳಗೆ ತಂದು ಕೊಡುತ್ತೇನೆಂದು ಮಾತು ಕೊಟ್ಟು ಅವನು ಗಾಜನ್ನು ಒಯ್ದಿದ್ದ. ಆವತ್ತಿನಿಂದ ಅಂಗಡಿಯ ಮುಂದೆ ಹಳೆಯ ಸೀರೆಯೊಂದು ಜೋತುಬಿದ್ದಿತ್ತು.

“ಇಂಥಾ ವ್ಯಾಳ್ಯಾದಾಗ ಕೇಳಬಾರದು ಬೇಟಿ,” ಎಂದಳು ತಾಜುನ್ನಿಸಾ. “ಆದ್ರ ಈದ್ ಬಂತು. ಊರಿನ ಹೆಣ್ಮಕ್ಕಳೆಲ್ಲಾ ಬರ್ತಾರ. ಆ ಸೀರಿ ಸರಿಸಿ ಸರಿಸಿ ಬಳಿ ನೋಡ್ತಾರ, ಧೂಳು ನೋಡಿ ಹೊಳ್ಳಿ ಹೋಗ್ತಾರ. ನಾನೂ ಹೊಟ್ಟಿ ತುಂಬಿಸಗೋಬೇಕಲ್ಲ.”

“ಚಂದ್ರ ಕಾಣೂದ್ರಾಗ ತಂದು ಕೊಡ್ತೀನ್ರಿ.”

“ನೀನೇ ತರ್ತಿ?”

ಗುರುದೇವಿಗೆ ಪ್ರಶ್ನೆ ಅರ್ಥವಾಯಿತು. ಗಂಡ ಸತ್ತ ಹೆಂಗಸು ಹಬ್ಬದ ದಿನಗಳಲ್ಲಿ ಬಳೆಯಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

“ನಾನೇ ತರ್ತೀನಿ. ಬ್ಯಾರೆಯವರು ಒಡದಾರು.”

ವಾಡಿ ಸ್ಟೇಷನ್ನಿನ ಹೊರಗೆ ಹೆಂಗಸರು ಕಲ್ಲಿದ್ದಲ ಚೂರಿನ ಬುಟ್ಟಿಗಳನ್ನಿಟ್ಟು ಕೂತಿರುತ್ತಿದ್ದರು. ಗುರುದೇವಿ ಎರಡು ಚೀಲ ತುಂಬಿಸಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ತಂದಳು. ಬಿಳಿ ಸೀರೆ ಕಪ್ಪಾಯಿತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಹಿತ್ತಲಲ್ಲಿ ಕಲ್ಲಿನ ಮೇಲೆ ಕುಟ್ಟಿ, ಸಾಣಿಗೆ ಹಿಡಿದು ಗಾಳಿಸಲು ಕೂತಳು. ಅವಳ ಸಾಣಿಗೆಯಲ್ಲಿ ಗಾತ್ರ ಕೂಡಿ ಬರುತ್ತಿರಲಿಲ್ಲ. ದಪ್ಪದ್ದೂ ಬೀಳುತ್ತಿತ್ತು, ಧೂಳೂ ಬೀಳುತ್ತಿತ್ತು.

ಶಿವಕಾಂತಮ್ಮ ಬಹಳ ಹೊತ್ತು ಬಾಗಿಲಲ್ಲಿ ನಿಂತು ನೋಡಿದಳು. ಕೊನೆಗೆ ಬಂದು ಸಾಣಿಗೆ ಕಸಿದುಕೊಂಡಳು.

“ಹಿಟ್ಟು ಗಾಳ್ಸಿದ್ದು ಹಿಂಗೇನು? ಇಷ್ಟು ಓದಿ ಏನ್ ಬಂತು ನಿಂಗ? ಸರಿ ಅತ್ಲಾಗ.” ಕಾಲು ಚಾಚಿ ಕೂತು ಗಾಳಿಸತೊಡಗಿದಳು. ಸಾಣಿಗೆ ಅವಳ ಕೈಯಲ್ಲಿ ಎಡಕ್ಕೆ ಬಲಕ್ಕೆ ಒಂದೇ ಲಯದಲ್ಲಿ ಓಡಾಡಿತು. ಕಪ್ಪು ಪುಡಿ ಶಂಕುವಿನಂತೆ ಗುಡ್ಡೆಯಾಯಿತು.

ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ ಕೇಳಿದಳು: “ಇದು ಮುಗದ್ ಮ್ಯಾಗ ನನ್ನ ಮಗ ತಪ್ಪಿದಾ ಅಂತ ಆಗ್ತದೇನು?”

“ಹೌದ್ರಿ.”

ಸಾಣಿಗೆ ನಿಂತಿತು. ಗುರುದೇವಿ ಕಾದಳು. ಅತ್ತೆ ಎದ್ದು ಹೋಗಬಹುದು, ಪುಡಿಯನ್ನು ಬಚ್ಚಲಿಗೆ ಸುರಿಯಬಹುದು, ಏನು ಮಾಡಿದರೂ ತಡೆಯುವ ಬಲ ತನಗಿಲ್ಲ ಎನಿಸಿತು.

“ಕಾಲುವಿ ಹೂತ್ರ ಏನಾಗ್ತದ?”

“ವರ್ಷಾ ವರ್ಷಾ ಕೆಳಗಿನ ಊರಿನೋರು ಸಲಿಕಿ ಹಿಡಿದು ಉಸುಕು ತೆಗೀಬೇಕ್ರಿ. ಕಡಿಕ ಬೇಸತ್ತು ಬಿಟ್ಟುಬಿಡ್ತಾರ.”

“ತೆಗೀವಾಗ ಸುಮ್ಮ ತೆಗೀತಾರೇನು? ಯಾವ ಹಾಳ್ ಇಂಜಿನೇರ ಕಟ್ಟಿದ್ನೋ ಅಂತ ಬೈಕೋತ ತೆಗೀತಾರ.” ಶಿವಕಾಂತಮ್ಮ ಮೂಗಿಗೆ ಅಂಟಿದ ಕರಿಯನ್ನು ಮುಂಗೈಯಿಂದ ಒರೆಸಿಕೊಂಡಳು. ಇನ್ನಷ್ಟು ಕರಿಯಾಯಿತು. “ಅವ್ನಿಗೆ ಸಣ್ಣಾಂವ ಇದ್ದಾಗ್ನಿಂದ ಯಾರೂ ಬೈದಿಲ್ಲ. ನಾ ಒಬ್ಬಾಕಿ ಬಿಟ್ರ.” ಮತ್ತೆ ಸಾಣಿಗೆ ಓಡತೊಡಗಿತು.

ಮೊದಲ ದಿನದ ಪ್ರಯೋಗ ಕೆಟ್ಟಿತು. ಹಳೆಯ ಕೆಸರು ಕಿತ್ತು, ಕಲ್ಲಿದ್ದಲ ಪುಡಿಯನ್ನು ತಳಕ್ಕೆ ಹಾಸಿ ನೀರು ಬಿಟ್ಟರೆ ಅರ್ಧಕ್ಕರ್ಧ ಮೇಲೆ ತೇಲಿ, ಆ ತುದಿಯ ಗುಂಡಿಯಲ್ಲಿ ಕಪ್ಪು ನೊರೆಯಾಗಿ ಕೂತಿತು. “ರೈಲು ಅಂದ್ರ ದೋಣಿ ಆಯ್ತಲ್ರಿ!” ಎಂದ ಪೀರಪ್ಪ. ಒಣ ಕಲ್ಲಿದ್ದಲಿಗೆ ನೀರು ಅಂಟುವುದಿಲ್ಲ ಎಂಬುದನ್ನು ಗುರುದೇವಿ ಮರೆತಿದ್ದಳು. ನೊರೆಯನ್ನೆಲ್ಲ ಬಟ್ಟೆಯಲ್ಲಿ ಸೋಸಿ ತೆಗೆದು, ಹಂಡೆಗಳಲ್ಲಿ ನೆನೆಹಾಕಿ, ಕೋಲಿನಿಂದ ತಿರುವಿ, ಮರುದಿನ ಮತ್ತೆ ಹಾಸಿದಳು. ಈ ಸಲ ಪುಡಿ ತಳ ಹಿಡಿಯಿತು. ಹಲಗೆಯಿಂದ ಸವರಿ ಸಮ ಮಾಡಿದಳು. ಪಕ್ಕದಲ್ಲಿ ಅಂಬಾರಾಯ ಕಟ್ಟಿದ್ದ ಕಾಲುವೆಯ ಬಾಯಿ, ಅವನು ಹೇಳಿದಷ್ಟೇ ತಗ್ಗಿನ ಹೊಸ್ತಿಲು ಹಾಗೆಯೇ ಇದ್ದವು. ಅದನ್ನು ಮುಟ್ಟಲಿಲ್ಲ.

ನರಸಪ್ಪ ಊಟ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತರು. ಪೀರಪ್ಪ ಟಾಕಿಯ ಬಾಗಿಲನ್ನು ತಿರುಗಿಸತೊಡಗಿದ. ಗುರುದೇವಿ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎಡಕ್ಕೆ ಸರಿದೇ ಕೂತಿದ್ದಳು, ಇಬ್ಬರು ಕೂರುವ ಅಭ್ಯಾಸಕ್ಕೆ. ಅದು ಗೊತ್ತಾದ ಮೇಲೂ ನಡುವಿಗೆ ಬರಲಿಲ್ಲ.

ನೀರು ತೆಳುವಾಗಿ ಹರಿಯಿತು. ಆಮೇಲೆ ಬೆರಳಷ್ಟು. ಆಮೇಲೆ ಗೇಣು ಮುಟ್ಟದಷ್ಟು. ಕಪ್ಪು ತಳ ಅಲ್ಲಾಡದೆ ಇತ್ತು.

“ಸ್ವಲ್ಪ,” ಎಂದಳು.

ಪೀರಪ್ಪ ತಿರುಗಿಸಿದ.

ಒಂದು ಕಣ ಹೊರಳಿತು. ನಿಂತಿತು. ಮತ್ತೆ ಹೊರಳಿತು. ಅದರ ಮುಂದೆ ಇನ್ನೊಂದು. ಮಳೆಯ ಮೊದಲ ಹನಿಗಳು ಅಂಗಳದಲ್ಲಿ ಒಂದಿಲ್ಲಿ ಒಂದಲ್ಲಿ ಬಿದ್ದ ಹಾಗೆ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ. ನೋಡನೋಡುತ್ತ ಇಡೀ ತಳವೇ ನಡೆಯತೊಡಗಿತು. ಸಣ್ಣ ಸಣ್ಣ ದಿಣ್ಣೆಗಳೆದ್ದವು. ಪ್ರತಿ ದಿಣ್ಣೆಯ ಬೆನ್ನನ್ನು ಹತ್ತಿದ ಕಣಗಳು ಮುಂದಿನ ಇಳಿಜಾರಿನಲ್ಲಿ ಉರುಳಿ ಬಿದ್ದು ಹೂತುಹೋದವು. ಹಾಗೆ ಬೀಳುತ್ತಲೇ ದಿಣ್ಣೆ ಮುಂದೆ ಸರಿಯುತ್ತಿತ್ತು. ಅಂಬಾರಾಯ ಇಂಥದ್ದೊಂದು ದಿಣ್ಣೆಗಾಗಿ ಎಷ್ಟು ದಿನ ಕಾದಿದ್ದ! ಕಲ್ಲಿನ ಪುಡಿಯಲ್ಲಿ ಅದು ಒಮ್ಮೆಯೂ ಎದ್ದಿರಲಿಲ್ಲ. ನೋಡಿದ್ದರೆ ಹುಡುಗನ ಹಾಗೆ ಕೂಗುತ್ತಿದ್ದ, ತನ್ನದೇ ವರದಿ ಸುಳ್ಳಾಗುತ್ತಿದೆ ಎಂಬುದನ್ನು ಮರೆತು ಕೂಗುತ್ತಿದ್ದ.

ಗುರುದೇವಿಗೆ ಗಾಜು ಮಸುಕಾಯಿತು. ನೀರು ಚಿಮ್ಮಿರಬೇಕೆಂದು ಸೆರಗಿನಿಂದ ಒರೆಸಿದಳು. ಗಾಜು ಒಣಗಿಯೇ ಇತ್ತು. ಆಗ ಅವಳಿಗೆ ತಿಳಿಯಿತು. ಅವಳು ಸದ್ದಿಲ್ಲದೆ ಅಳುತ್ತ ಅಲ್ಲೇ ಕೂತು ನೋಡಿದಳು. ಪೀರಪ್ಪ ಮುಖ ಆ ಕಡೆ ತಿರುಗಿಸಿಕೊಂಡ.

ನರಸಪ್ಪ ಸ್ಟೂಲು ಬಿಟ್ಟು ಬಂದು ನೆಲದ ಮೇಲೆ ಕೂತಿದ್ದರು. ಅವರ ಕಣ್ಣು ಕಾಲುವೆಯ ಬಾಯಿಯ ಮೇಲಿತ್ತು. ಮೊದಲ ದಿಣ್ಣೆ ತಗ್ಗಿನ ಹೊಸ್ತಿಲವರೆಗೆ ಬಂತು, ನಿಲ್ಲಲಿಲ್ಲ, ದಾಟಿ ಒಳಗೆ ಇಳಿಯಿತು. ಅದರ ಹಿಂದೆ ಮತ್ತೊಂದು. ಚಹಾ ತರಿಸಿ ಕುಡಿಯುವಷ್ಟರಲ್ಲಿ ಆ ಪುಟ್ಟ ಕಾಲುವೆಯ ತಳ ಕಾಣದಂತೆ ಕಪ್ಪಾಯಿತು.

“ಬಂದ್ ಮಾಡು,” ಎಂದರು ಪೀರಪ್ಪನಿಗೆ. ಕಪ್ಪಾದ ತಳವನ್ನು ಬೆರಳಿನಿಂದ ಮುಟ್ಟಿ ನೋಡಿ, “ಹೊಸ್ತಿಲು ಏರಿಸಬೇಕು,” ಎಂದರು. “ಬಂದಾರದಾಗ ಉಸುಕು ತಳ್ಳೂ ಬಾಗಿಲಾನೂ ಇಡಬೇಕು. ವರದಿ ವಾಪಸ್ ತರಸ್ತೀನಿ. ಹೊಸಾದ್ರ ಮ್ಯಾಗ ಯಾರ ಹೆಸರು ಬರೀಲಿ, ತಂಗಿ? ನಿಂದ?”

“ಅವರದೇ ಬರೀರಿ. ಮೊದಲಿಂದು ತಪ್ಪಿತ್ತು ಅಂತಾನೂ ಬರೀರಿ. ಏನು ತಪ್ಪಿತ್ತು ಅಂತ ಬಿಡಿಸಿ ಬರೀರಿ. ಇಲ್ಲಾಂದ್ರ ಇನ್ನೊಬ್ರು ಯಾರರೆ ಹಿಂಗೇ ಕಲ್ಲಿನ ಪುಡಿ ಹಾಕ್ಯಾರು.”

ನರಸಪ್ಪ ತಲೆಯಾಡಿಸಿದರು.

ಎಲ್ಲಕ್ಕಿಂತ ಕೊನೆಗೆ ಗಾಜನ್ನು ಬಿಚ್ಚಿದರು. ಪೀರಪ್ಪ ಸಿಮೆಂಟನ್ನು ಉಳಿಯಿಂದ ಕೂದಲಿನಷ್ಟು ಕೂದಲಿನಷ್ಟೇ ಕೆತ್ತಿದ. ಗುರುದೇವಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಳು. ಮೇಲಿನ ಭಾಗ ಹೊಸದರಂತಾಯಿತು. ಕೆಳಗೆ ಮಾತ್ರ, ಪುಡಿ ಉಜ್ಜುತ್ತಿದ್ದ ಕಡೆ, ನಾಲ್ಕು ಬೆರಳಗಲದ ಮಂಜು ಪಟ್ಟಿಯೊಂದು ಉಳಿಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದನ್ನು ಶಿವಕಾಂತಮ್ಮನ ಕೌದಿಯಲ್ಲಿ ಸುತ್ತಿ, ಟಾಂಗಾದಲ್ಲಿ ಮಡಿಲ ಮೇಲಿಟ್ಟುಕೊಂಡು ಬಜಾರಿಗೆ ಬಂದಳು.

ಸಂಜೆಯಾಗಿತ್ತು. ಉಪವಾಸ ಬಿಡುವ ಹೊತ್ತಿಗೆ ಬಜಾರು ಖಾಲಿಯಾಗಿತ್ತು. ತಾಜುನ್ನಿಸಾ ಬಾಯಿಗೆ ಖರ್ಜೂರ ಹಾಕಿಕೊಂಡವಳೇ ಎದ್ದು ಬಂದು ಸೀರೆಯ ಪರದೆ ಸರಿಸಿದಳು.

“ತಂದೇ ಬಿಟ್ಟಿ.” ಕೌದಿ ಬಿಚ್ಚಿ ಗಾಜನ್ನು ದೀಪಕ್ಕೆ ಹಿಡಿದಳು. “ಇದೇನಿದು ಕೆಳಗ?”

“ಉಸುಕು ತಿಕ್ಕಿ ಆಗ್ಯದ್ರಿ. ಹೋಗಲ್ಲ ಅದು. ತಪ್ಪಾಯ್ತು.”

ತಾಜುನ್ನಿಸಾ ಬೆರಳಿನಿಂದ ಮುಟ್ಟಿ ನೋಡಿದಳು. ಮುಖ ಸಣ್ಣದಾಯಿತು. ಅವಳು ಅದನ್ನು ಮುಚ್ಚಿಡಲಿಲ್ಲ. “ಮಾವನ ಗಾಜು,” ಎಂದಳು. ಆಮೇಲೆ, “ಕಾಲುವಿ ಏನಾಯ್ತು? ಸರಿ ಹೋಯ್ತೇನು?”

“ಹೋಗ್ತದ್ರಿ ಈಗ.”

“ಹಂಗಾದ್ರ ಇರ್ಲಿ. ಆ ಕಡಿ ದೊಡ್ಡ ಡಬ್ಬಿ ಇಟ್ರ ಕಾಣಂಗಿಲ್ಲ. ಬಾ, ಮ್ಯಾಗ ಬಾ, ನಾ ಒಬ್ಬಾಕಿ ಹ್ಯಾಂಗ ಕೂರ್ಸಲಿ?”

ಗುರುದೇವಿ ಮೆಟ್ಟಿಲ ಕೆಳಗೇ ನಿಂತಿದ್ದಳು. “ಇಲ್ಲಿಂದಾನೇ ಹಿಡೀತೀನ್ರಿ. ಹಬ್ಬದ ದುಕಾನು...”

“ಅಯ್ಯ, ಬಾರವ್ವ! ನನ್ನ ಗಂಡ ಹೋಗಿ ಎಷ್ಟು ಈದ್ ಆದವು? ನಾ ಬಳಿ ಮಾರಾಕತ್ತಿಲ್ಲೇನು? ನಿನ್ನ ಕಾಲು ನನ್ನ ಕಾಲಿಗಿಂತ ಕೆಟ್ಟದ್ದೇನು?”

ಗುರುದೇವಿ ಮೆಟ್ಟಿಲು ಹತ್ತಿದಳು. ಇಬ್ಬರೂ ಎತ್ತಿ ಗಾಜನ್ನು ಚೌಕಟ್ಟಿನ ತೋಡಿನೊಳಗೆ ಇಳಿಸಿದರು. ಗುರುದೇವಿ ಎರಡೂ ಅಂಗೈಗಳಿಂದ ಅದನ್ನು ಒತ್ತಿ ಹಿಡಿದಳು. ತಾಜುನ್ನಿಸಾ ಹಲ್ಲಿನಲ್ಲಿ ಮೊಳೆ ಕಚ್ಚಿಕೊಂಡು, ಒಂದೊಂದನ್ನೇ ತೆಗೆದು ಮರದ ಪಟ್ಟಿಗೆ ಹೊಡೆದಳು. ಪ್ರತಿ ಏಟಿಗೂ ಗಾಜು ಅಂಗೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಅದರ ಹಿಂದೆ, ಈ ಹಿಂದೆ ನೀರು ಇದ್ದ ಕಡೆ, ಈಗ ಕೆಂಪು ಹಸಿರು ಬಳೆಗಳ ಸಾಲುಗಳಿದ್ದವು. ದೀಪದ ಬೆಳಕಿಗೆ ಅವು ಅಲುಗಾಡಿದಂತೆ ಕಂಡವು. ಕಂಡದ್ದಷ್ಟೇ. ಅವು ಎಲ್ಲಿಗೂ ಹೋಗುತ್ತಿರಲಿಲ್ಲ.

ಮೊಳೆಗಳು ಮುಗಿದವು. ತಾಜುನ್ನಿಸಾ ಸುತ್ತಿಗೆ ಕೆಳಗಿಟ್ಟು ಕಾದಳು.

“ಕೈ ಬಿಡು ಬೇಟಿ,” ಎಂದಳು. “ಕುಂತದ ಅದು.”

ಗುರುದೇವಿ ಕೈ ತೆಗೆದಳು.